ಮಾವನವರ ಹನಿ, ಅಳಿಯನ ಕಣ್ಣು

ಮಾವನವರ ಕಣ್ಣಿನ ಆಪರೇಷನ್ನಿಗೆ ಜೊತೆಗೆ ಯಾರು ಹೋಗಬೇಕು ಎಂಬ ಮಾತು ಬಂದಾಗ ನಾನು ಎದೆ ತಟ್ಟಿಕೊಂಡು ಎದ್ದುನಿಂತೆ. ಸವಣೂರಿನಲ್ಲಿ ಕರೆಂಟ್ ಸಾಮಾನಿನ ಅಂಗಡಿ ಇಟ್ಟವನು ನಾನು. ಬೆಳಕು ಹೋದಲ್ಲಿ ಬೆಳಕು ತರುವುದೇ ನನ್ನ ಕಸುಬು. ಮಾವನವರ ಬಲಗಣ್ಣಿಗೆ ಪೊರೆ ಬಂದಿತ್ತು. ಕರೆದುಕೊಂಡು ಹೋಗುವುದು, ತೆಗೆಸುವುದು, ಕರೆದುಕೊಂಡು ಬರುವುದು. ಇದರಲ್ಲೇನಿದೆ ಮಹಾ!

ಹೆಂಡತಿ ಗಿರಿಜಾಗೆ ಮಾತ್ರ ಅಷ್ಟು ಧೈರ್ಯವಿರಲಿಲ್ಲ.

"ಅಪ್ಪಾರ್ನ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ. ಸಿಸ್ಟರ್ ಹೇಳಿದ್ದು ಪೂರಾ ಕೇಳ್ರಿ. ಎಲ್ಲಾದಕ್ಕೂ ಹೂಂ ಹೂಂ ಅನ್ನಬ್ಯಾಡ್ರಿ."

"ಹೂಂ," ಎಂದೆ.

ಇಲ್ಲೊಂದು ಸಂಗತಿ ಹೇಳಲೇಬೇಕು. ಮಾವನವರ ಹೆಸರು ಬಸವರಾಜ. ನನ್ನ ಹೆಸರೂ ಬಸವರಾಜ. ನಮ್ಮ ಕಡೆ ಸಂತೆಯಲ್ಲಿ ನಿಂತು "ಬಸವರಾಜಾ" ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ. ಗಿರಿಜಾ ಮದುವೆಯಾದಾಗಿನಿಂದ ಆ ಹೆಸರನ್ನು ಬಾಯಿಗೆ ತಂದಿಲ್ಲ. ಒಬ್ಬರು ಹೆತ್ತ ಅಪ್ಪ, ಇನ್ನೊಬ್ಬ ಕಟ್ಟಿಕೊಂಡ ಗಂಡ. ಹೀಗಾಗಿ ಮನೆಯಲ್ಲಿ ಎಂದೂ ಗೊಂದಲವಾಗಿರಲಿಲ್ಲ.

ಶಿಗ್ಗಾವಿಯಲ್ಲಿ ಬಸ್ ಬದಲಿಸಿ ಹಾನಗಲ್ಲಿಗೆ ಬಂದೆವು. ಅದೊಂದು ಸಣ್ಣ ಕಣ್ಣಿನ ಆಸ್ಪತ್ರೆ. ಮಾವನವರಿಗೆ ಕಿಟಕಿ ಪಕ್ಕದ ಮಂಚ ಕೊಟ್ಟರು. ಅವರು ಮಂಚದ ಮೇಲೆ ಕೂತವರೇ ಎದ್ದರು.

"ಅಳ್ಯಾರ, ಕಾಲ್ಮಡದು ಬರ್ತೇನಿ."

ಹೋದವರು ತಿರುಗಿ ಬರಲಿಲ್ಲ. ಪಡಸಾಲೆಯಲ್ಲಿ ಅವರೂರು ಹುಲಗೂರಿನ ಗೆಳೆಯರೊಬ್ಬರು ಸಿಕ್ಕಿದ್ದರು. ಇಬ್ಬರ ಮಾತು ಕೋರ್ಟು, ಕಬ್ಬು, ಬೀಗರು ಎಂದು ಬೆಳೆಯುತ್ತಿತ್ತು. ಇತ್ತ ಮಂಚ ಖಾಲಿ. ಯಾರಾದರೂ ಬಂದು ಮಲಗಿಬಿಟ್ಟರೆ? ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡಿಯುವ ನಾಡಿನವನು ನಾನು. ಟವೆಲ್ ಇರಲಿಲ್ಲ. ನಾನೇ ಮಲಗಿದೆ!

ನಸುಕಿನಲ್ಲೇ ಎದ್ದ ಆಯಾಸಕ್ಕೆ ಕಣ್ಣು ಹತ್ತುತ್ತಿದ್ದಂತೆ ಯಾರೋ ಭುಜ ಮುಟ್ಟಿದರು. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್. ಕೈಯಲ್ಲಿ ಔಷಧದ ತಟ್ಟೆ.

"ಬಸವರಾಜ ಅವರಲ್ರಿ?"

"ಹೌದ್ರಿ."

"ಬಲಗಣ್ಣಲ್ರಿ?"

ನನಗೂ ಬಲಗಣ್ಣಿದೆ. "ಹೌದ್ರಿ," ಎಂದೆ. ಎರಡೂ ಸತ್ಯವೇ!

ಚುರ್ರೆಂದು ಹನಿ ಬಿತ್ತು. "ಕಣ್ಣ ಮುಚ್ಕೊಂಡ ಮಲಗ್ರಿ. ಇನ್ನೊಂದ ಸ್ವಲ್ಪ ಹೊತ್ತಿಗೆ ಮತ್ತ ಹಾಕ್ತೇನಿ," ಎಂದು ಆಕೆ ಹುಬ್ಬಿನ ಮೇಲೆ ಗುರುತಿಗೊಂದು ಪಟ್ಟಿ ಅಂಟಿಸಿ ಹೋದಳು.

ಎಂಥ ಆಸ್ಪತ್ರೆ! ರೋಗಿಯ ಜೊತೆಗೆ ಬಂದವರ ಕಣ್ಣನ್ನೂ ನೋಡುತ್ತಾರೆ! ದಿನವಿಡೀ ವೈರು ಬೆಸೆದು ನನ್ನ ಕಣ್ಣು ಉರಿಯುತ್ತಲೇ ಇತ್ತು. ಎರಡನೇ ಸಲ ಆಕೆ ಬಂದಾಗ ನಾನೇ ಬಾಯಿಬಿಟ್ಟು ಕೇಳಿದೆ.

"ಎಡಗಣ್ಣಿಗೂ ಎರಡ ಹನಿ ಬಿಡ್ರಿ. ಅದೇನ್ ಮಲತಾಯಿ ಮಗನೇನ್ರಿ?"

"ಡಾಕ್ಟರ್ ಬಲಗಣ್ಣಿಗಷ್ಟ ಬರದಾರ್ರಿ," ಎಂದು ಆಕೆ ನಕ್ಕಳು.

ಅಷ್ಟರಲ್ಲಿ ಯಾರೋ ಕರೆದರು. ತಟ್ಟೆ ಅಲ್ಲೇ ಇಟ್ಟು ಓಡಿದಳು. ನಾನು ಬಾಟಲಿ ಎತ್ತಿಕೊಂಡು ಎಡಗಣ್ಣಿಗೆ ಧಾರಾಳವಾಗಿ ಸುರಿದುಕೊಂಡೆ. ಸ್ವಂತ ಕಣ್ಣಿಗೆ ಜಿಪುಣತನ ಮಾಡಬಾರದು!

ಸ್ವಲ್ಪ ಹೊತ್ತಿಗೆ ನಿಂತಿದ್ದ ಫ್ಯಾನಿನ ಮೂರು ರೆಕ್ಕೆ ಒಂದಾದವು. ನನ್ನದೇ ಅಂಗೈಯ ಗೆರೆ ನನಗೆ ಕಾಣದಾಯಿತು. ಕಿಟಕಿಯ ಬೆಳಕು ಸೂಜಿಯಂತೆ ಚುಚ್ಚಿತು. ಔಷಧ ಕೆಲಸ ಮಾಡುತ್ತಿದೆ ಎಂದು ಖುಷಿಪಟ್ಟೆ. ಆಮೇಲೆ ಹಸಿರು ನಿಲುವಂಗಿ ತೊಡಿಸಿದರು. ಮಾವನವರ ಜೊತೆ ನನ್ನನ್ನೂ ಒಳಗೆ ಬಿಡುತ್ತಾರೆ ಎಂದುಕೊಂಡೆ. ಗಾಲಿಕುರ್ಚಿ ತಂದರು. ನಡೆಯುವ ಕಾಲಿಗೆ ಗಾಲಿಕುರ್ಚಿ ಯಾಕೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹೂಂ ಎಂದು ಕೂತೆ!

ಆಪರೇಷನ್ ಕೋಣೆಯ ಬಾಗಿಲಲ್ಲಿ ಹಿರಿಯ ಸಿಸ್ಟರ್ ಒಬ್ಬರು ಕುರ್ಚಿ ತಡೆದು ನಿಲ್ಲಿಸಿದರು.

"ನಿಮ್ಮ ಹೆಸರ ನೀವ ಹೇಳ್ರಿ."

"ಬಸವರಾಜ."

"ವಯಸ್ಸ?"

"ಐವತ್ತೆರಡು."

ಅವರು ಕೈಯಲ್ಲಿದ್ದ ಕಾಗದ ನೋಡಿದರು. "ಇಲ್ಲೆ ಎಪ್ಪತ್ತಮೂರು ಐತಲ್ರಿ?"

"ಅದು ನಮ್ಮ ಮಾವಾರ ವಯಸ್ಸ್ರಿ. ಆಪರೇಷನ್ ಅವರದಲ್ರಿ?"

"ಮತ್ತ ಅವರೆಲ್ಲಿ ಅದಾರ?"

"ಪಡಸಾಲ್ಯಾಗ ಮಾತಾಡ್ಕೋತ ಕುಂತಾರ್ರಿ."

ಸಿಸ್ಟರ್ ಕುರ್ಚಿಯನ್ನು ಬಾಗಿಲಿಂದ ಹಿಂದಕ್ಕೆಳೆದರು. ನನಗೂ ಆಗಲೇ ಎಲ್ಲವೂ ಅರ್ಥವಾಗಿದ್ದು. ಕಣ್ಣು ಕಾಣದಿದ್ದರೂ ಬುದ್ಧಿಗೆ ಕಂಡಿತು. ಆ ಬಾಗಿಲ ಆಚೆ ನನ್ನ ಒಳ್ಳೆಯ ಕಣ್ಣಿಗಾಗಿ ಕತ್ತರಿ, ಸೂಜಿ ಎಲ್ಲ ಸಿದ್ಧವಾಗಿ ಕೂತಿದ್ದವು. ಈಗ ನಿಜಕ್ಕೂ ಗಾಲಿಕುರ್ಚಿ ಬೇಕಾಯಿತು!

ಹೊಸ ನರ್ಸ್ ಅಳತೊಡಗಿದಳು. ಹಿರಿಯ ಸಿಸ್ಟರ್ ಬೈಯಲಿಲ್ಲ. "ಮೊದಲ ಡಾಕ್ಟರ್‌ಗೆ ಹೇಳೂನು ಬಾ. ಅಳೂದು ಆಮ್ಯಾಲ," ಎಂದು ಆಕೆಯನ್ನು ಕರೆದುಕೊಂಡು ಹೋದರು. ಏನನ್ನೂ ಮುಚ್ಚಿಡಲಿಲ್ಲ. ಡಾಕ್ಟರ್ ಬಂದು ನನ್ನ ಎರಡೂ ಕಣ್ಣು ಪರೀಕ್ಷಿಸಿದರು. "ಕಣ್ಣಿನ ಪಾಪೆ ದೊಡ್ಡದಾಗೇತಿ, ನಾಳಿಗೆ ಇಳೀತೈತಿ. ಹೆದರಬ್ಯಾಡ್ರಿ," ಎಂದವರು ಎಡಗಣ್ಣಿನ ಹತ್ತಿರ ತಡೆದರು. "ಇದಕ್ಕ್ಯಾರು ಹಾಕಿದ್ರು?"

"ನಾನ ಹಾಕ್ಕೊಂಡೆ ಸರ್. ಆಕೀ ಬ್ಯಾಡಂದಿದ್ಲು."

ಅವರು ಅದನ್ನೂ ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮಾವನವರನ್ನು ಹುಡುಕಿ ತಂದು, ಹನಿ ಹಾಕಿ, ಮಧ್ಯಾಹ್ನ ಆಪರೇಷನ್ ಮುಗಿಸಿದರು. ಎಲ್ಲ ಸುಸೂತ್ರ. ಹೊರಡುವ ಮುಂಚೆ ಹಿರಿಯ ಸಿಸ್ಟರಿಗೆ ಕೈಮುಗಿದೆ. ಒಂದು ಸಣ್ಣ ಪ್ರಶ್ನೆ ಕೇಳಿ ನನ್ನ ಕಣ್ಣು ಉಳಿಸಿಕೊಟ್ಟ ತಾಯಿ. ಮುಗಿದ ಕೈ ಗೋಡೆಯ ಕಡೆಗಿತ್ತಂತೆ. ಅವರೇ ಬಂದು ನನ್ನ ಮುಂದೆ ನಿಂತರು. "ಮುಂದ ಯಾರರ ಔಷಧಾ ಕೊಡಾಕ ಬಂದ್ರ, ಯಾರಿಗೆ, ಯಾಕ ಅಂತ ಕೇಳ್ರಿ. ಕೇಳಿದ್ರ ನಮಗೇನ್ ಸಿಟ್ಟ ಬರಂಗಿಲ್ಲ," ಎಂದರು.

ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ನಾನು ಕಣ್ಣೇ ಬಿಡದಾದೆ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಎಪ್ಪತ್ಮೂರರ ಮಾವನವರು ಎರಡು ಕಣ್ಣಿನ ಅಳಿಯನ ಕೈ ಹಿಡಿದು ನಡೆಸಿದರು. "ಮೆಟ್ಲ ಐತಿ, ಕಾಲ ಎತ್ರಿ ಅಳ್ಯಾರ." ಕಾಲೆತ್ತಿದೆ. ಕಂಡಕ್ಟರ್ ಒಬ್ಬ ಹುಡುಗನನ್ನು ಎಬ್ಬಿಸಿ ಸೀಟು ಕೊಡಿಸಿದ. ನನಗೆ! ಮಾವನವರು ಶಿಗ್ಗಾವಿಯವರೆಗೆ ನಿಂತೇ ಬಂದರು. ನಾನು ಏಳಲು ಹೋದರೆ ಭುಜ ಒತ್ತಿ ಕೂರಿಸಿದರು. ಇಂಥ ಮಾವ ಯಾರಿಗಿದ್ದಾರೆ?

ದಾರಿಯಲ್ಲಿ ಗಿರಿಜಾಳ ಫೋನು.

"ಅಪ್ಪಾರ ಕಣ್ಣ ಹೆಂಗೈತ್ರಿ?"

"ಅವರದು ಛಲೋ ಐತಿ."

"ಮತ್ತ್ಯಾಕ ಧ್ವನಿ ಸಣ್ಣಗೈತಿ?"

"ನನಗ ಕಾಣವಲ್ದು."

ಮನೆ ಬಾಗಿಲಲ್ಲಿ ಅಪ್ಪನ ಕೈ ಹಿಡಿದು ಬಂದ ಗಂಡನನ್ನು ಕಂಡು ಆಕೆ ಮೊದಲು ಗಾಬರಿಯಾದಳು, ಕಥೆ ಕೇಳಿ ಅತ್ತಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಾವನವರ ಔಷಧದ ಚೀಲ ನನ್ನ ಕೈಯಿಂದ ಕಸಿದುಕೊಂಡು ಎತ್ತರದ ಕಪಾಟಿನಲ್ಲಿಟ್ಟಳು.

ಮರುದಿನ ಪಟ್ಟಿ ಬಿಚ್ಚಿಸಲು ಮತ್ತೆ ಹಾನಗಲ್ಲಿಗೆ ಹೋದೆವು. ಈ ಸಲ ಗಿರಿಜಾಳೂ ಬಂದಳು. ಪಟ್ಟಿ ಬಿಚ್ಚಿದ್ದು ಅದೇ ಹೊಸ ನರ್ಸ್, ಮಾವನವರ ಬಾಯಿಂದಲೇ ಹೆಸರು, ವಯಸ್ಸು ಹೇಳಿಸಿದ ಮೇಲೆ. ಮಾವನವರು ಗೋಡೆ ನೋಡಿದರು, ಮಗಳನ್ನು ನೋಡಿ ಕಣ್ಣು ತುಂಬಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ದಿಟ್ಟಿಸಿದರು.

"ನಿನ್ನಿ ಆಗಿದ್ದು ನನ್ನದ ತಪ್ಪರಿ," ಎಂದಳು ನರ್ಸ್, ತಲೆ ತಗ್ಗಿಸಿ.

"ಇರ್ಲಿ ಬಿಡವ್ವಾ," ಎಂದರು ಮಾವನವರು, ನನ್ನ ಮುಖದಿಂದ ದೃಷ್ಟಿ ಕೀಳದೆ. "ಇಷ್ಟ ದಿನಾ ನಮ್ಮ ಅಳ್ಯಾರು ಇನ್ನೂ ಹುಡುಗರಂಗ ಅದಾರ ಅಂತ ತಿಳದಿದ್ದೆ. ಈಗ ಸ್ವಚ್ಛ ಕಾಣಾಕತ್ತೇತಿ. ನಿನ್ನ ಜಾಗಾದಾಗ ನಾ ಇದ್ರೂ ಇವರಿಗೇ ಹನಿ ಹಾಕ್ತಿದ್ದೆ!"

ಆಪರೇಷನ್ ಪೂರ್ತಿ ಯಶಸ್ವಿಯಾಗಿದೆ ಎಂದು ತಿಳಿಯಲು ಡಾಕ್ಟರಿಗೆ ಬೇರೆ ಪರೀಕ್ಷೆಯೇ ಬೇಕಾಗಲಿಲ್ಲ.