ನೂಲಿನ ಅಳತೆ, ನೀರಿನ ತೂಕ

ಕೊಳ್ಳಲು ಹೋದವರೇ ಮಾರುವವರ ಪರವಾಗಿ ಚೌಕಾಸಿ ಮಾಡುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅಂಥವರ ತಂಗಿಯನ್ನು ಮದುವೆಯಾಗಿ, ಅವರನ್ನೇ ವ್ಯಾಪಾರದ ಪಾಲುದಾರರನ್ನಾಗಿ ಮಾಡಿಕೊಂಡಿದ್ದೇನೆ! ನಾನು ಕೇಳದೆಯೇ ಬಂದ ಬಳುವಳಿ ಎಂದರೆ ನಮ್ಮ ಭಾವಯ್ಯ.

ತೊಂಬತ್ತರ ದಶಕದ ಕೊನೆಯ ಮಾತು. ತೆಕ್ಕಟ್ಟೆಯಲ್ಲಿ ನಮ್ಮದೊಂದು ಸಣ್ಣ ಮರದ ಮಿಲ್ಲು. ಬೂರುಗ, ಹಾಳೆಮರದಂಥ ಮೆದು ಮರ ತಂದು, ಸೀಳಿ, ಮೀನು ತುಂಬುವ ಪೆಟ್ಟಿಗೆ ಮಾಡುತ್ತಿದ್ದೆವು. ಬರಿಗೈಯಲ್ಲಿ ಶುರುಮಾಡಿ ಮೇಲೆ ಬಂದವನು ನಾನು. ಆದ್ದರಿಂದ ಒಂದು ಬುದ್ಧಿಮಾತು ಪುಕ್ಕಟೆ ಹೇಳುತ್ತೇನೆ, ಕೇಳಿ. ಮರವನ್ನು ಕೊಳ್ಳಲು ಎರಡು ದಾರಿ. ಒಂದು, ದಿಮ್ಮಿಯ ನಡುವಿಗೆ ನೂಲು ಸುತ್ತಿ, ಆ ನೂಲನ್ನು ನಾಲ್ಕಾಗಿ ಮಡಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ ಘನ ಅಡಿ ತೆಗೆಯುವುದು. ಇನ್ನೊಂದು, ಲಾರಿಯನ್ನು ತೂಕದ ಸೇತುವೆಗೆ ಹತ್ತಿಸಿ ಟನ್ನಿನ ಲೆಕ್ಕದಲ್ಲಿ ಕೊಳ್ಳುವುದು. ಹಸಿ ಬೂರುಗ ಎಂದರೆ ಅರ್ಧ ಮರ, ಅರ್ಧ ನೀರು. ಮಾರುವವರಾದರೆ ಕಡಿದ ದಿನವೇ ತೂಗಿಸಿ. ಕೊಳ್ಳುವವರಾದರೆ ತೊಗಟೆ ಸುಲಿಸಿ, "ಲಾರಿ ಸಿಕ್ಕಲಿಲ್ಲ" ಅನ್ನುತ್ತಾ ದಿಮ್ಮಿಯ ನೀರು ಬಿಸಿಲಿಗೆ ಆರಲು ಬಿಡಿ. ಬಿಸಿಲಿಗೆ ಕೂಲಿ ಕೊಡಬೇಕಾಗಿಲ್ಲ!

ಭಾವಯ್ಯನಿಗೆ ಒಪ್ಪಿಗೆಯಾದದ್ದು ನೂಲು ಮಾತ್ರ. ಅದೂ ಎಂಥ ಅಳತೆ! ದಿಮ್ಮಿಗೆ ನೂಲು ಸುತ್ತಿ, ಅದರ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚಿಬಿಡುತ್ತಿದ್ದರು. ಬೂರುಗದ ಹತ್ತಿ ಗಾಳಿಯಲ್ಲಿ ತೇಲಿ ಬಂದು ಅವರ ತಲೆಯ ಮೇಲೆ ಕೂರುತ್ತಿತ್ತು. ಇಳಿಯುವ ಅವಸರ ಹತ್ತಿಗೂ ಇಲ್ಲ, ಏಳುವ ಅವಸರ ಇವರಿಗೂ ಇಲ್ಲ.

"ಭಾವಯ್ಯ, ಎಷ್ಟಾಯ್ತ್?"

"ತಡೀರಿ ಮಾರಾಯ್ರೆ. ಒಳ್ಗ್ ಇನ್ನೂ ಗಾಳಿ ಬೀಸ್ತಾ ಇತ್ತ್."

"ಗಾಳಿ ಎಷ್ಟ್ ಘನ ಅಡಿ ಬತ್ತ್?"

"ಅದ್ನ್ ಲೆಕ್ಕದಿಂದ್ ಕಳೂದ್ ಬ್ಯಾಡ. ಮಾರೋರಿಗೇ ಬಿಡುವ."

ಹೀಗೆ ಬಿಟ್ಟು ಬಿಟ್ಟೇ ನಮ್ಮ ಮಿಲ್ಲು ಬಡವಾಗುತ್ತಿತ್ತು. ಕೊನೆಗೆ ನಾನು ನೂಲನ್ನು ಕಪಾಟಿಗೆ ಸೇರಿಸಿ, ಇನ್ನು ಮೇಲೆ ತೂಕವೇ ಎಂದು ಸಾರಿದೆ.

ಹಾಗೆ ಮೊದಲು ಮರ ಮಾರಲು ಬಂದವರು ಬೀಜಾಡಿಯ ಒಬ್ಬ ಅಕ್ಕ. ಬುಟ್ಟಿ ಹೊತ್ತು ಮೀನು ಮಾರುವವರು, ಒಂಟಿ ಜೀವ. ಮನೆಯ ಹಿಂದೆ ಬೂರುಗದ ಮರ, ಮನೆಯ ಮೇಲೆ ಹುಲ್ಲಿನ ಮಾಡು. ಹಿಂದಿನ ಮಳೆಗಾಲವನ್ನು ಒಲೆಯ ಮೇಲೆ ಕೊಡೆ ಬಿಡಿಸಿ ಕಳೆದಿದ್ದರಂತೆ.

"ಮಳಿ ಬಪ್ಪುಕ್ ಮುಂಚೆ ಹಂಚ್ ಹಾಕ್ಸ್ಕ್ ಅಣ್ಣಯ್ಯ. ಕೂಡಿಟ್ಟದ್ ಸಾಕಾತಿಲ್ಲ. ಈ ಮರ ಒಂದ್ ಕೈ ಹಿಡಿದ್ರೆ ಆಯ್ತ್."

ಟನ್ನಿಗೆ ಇಷ್ಟು ಎಂದು ಮಾತಾಯಿತು. ಮರ ಕಡಿಸಿದೆ, ತುಂಡು ಮಾಡಿಸಿದೆ, ತೊಗಟೆ ಸುಲಿಸಿದೆ. ಆಮೇಲೆ ಹೇಳಿದೆ: "ಲಾರಿ ಸಿಕ್ಕುದಿಲ್ಲ ಅಕ್ಕ. ಹದಿನೈದ್ ದಿನ ಹೋಯ್ಲಿ."

ಮೇ ತಿಂಗಳು. ಬೀಜಾಡಿಯ ಮರಳು ಕಡಲೆ ಹುರಿಯುವಷ್ಟು ಕಾದಿತ್ತು. ನನಗೋ ಖುಷಿಯೋ ಖುಷಿ! ಆದರೆ ದಿನಾ ಮಧ್ಯಾಹ್ನ ಊಟ ಮುಗಿದೊಡನೆ ಭಾವಯ್ಯ ಸೈಕಲ್ ಹತ್ತಿ ಮಾಯವಾಗುತ್ತಿದ್ದರು. ಹತ್ತನೆಯ ದಿನ ನಾನೂ ಸ್ಕೂಟರ್ ಹತ್ತಿ ಹಿಂದೆಯೇ ಹೋದೆ.

ಹೋಗಿ ನೋಡಿದರೆ ಏನು ಹೇಳಲಿ! ದಿಮ್ಮಿಗಳ ಮೇಲೆಲ್ಲ ಒದ್ದೆ ಗೋಣಿ. ಅಕ್ಕ ಬಾವಿಯಿಂದ ಸೇದುತ್ತಿದ್ದಾರೆ, ಭಾವಯ್ಯ ಕೊಡಪಾನದಲ್ಲಿ ತಂದು, ಮಗುವಿಗೆ ಮೀಯಿಸುವ ಹಾಗೆ ನಿಧಾನವಾಗಿ ಹೊಯ್ಯುತ್ತಿದ್ದಾರೆ. ನೀರು ಇಳಿದಲ್ಲೆಲ್ಲ ಬಿಸಿಲು ಸಣ್ಣಗೆ ಮಿನುಗುತ್ತಿತ್ತು.

"ಹ್ವಾಯ್ ಭಾವಯ್ಯ! ಎಂತ ಮಾಡ್ತಾ ಇದ್ರಿ?"

"ಬಾಯಾರ್ತಿತ್ತ್ ಪಾಪ."

"ನಾವ್ ತಕಂಬೋರ್ ಮಾರಾಯ್ರೆ! ನೀರಿಗೆ ದುಡ್ಡ್ ಕೊಡೂಕಾ?"

"ಮಾತಾಯ್ತಲ್ದಾ, ಇನ್ನ್ ಇದ್ ನಮ್ಮ್ ಮರ. ನಮ್ಮ್ ಮರ ನಾವೇ ಕಾಣ್ಕಲ್ದಾ?"

ಅಕ್ಕ ಮಾತ್ರ ಹಗ್ಗ ಹಿಡಿದವರು ಹಿಡಿದ ಹಾಗೇ ನನ್ನನ್ನೇ ನೋಡುತ್ತಿದ್ದರು. "ಬೂರ್ಗ ಒಣಗ್ರೆ ಒಡಿತ್ತಂಬ್ರ್. ನಿಮ್ಗ್ ಲುಕ್ಸಾನ್ ಆಪುಕಾಗ ಅಂದ್ಹೇಳಿ ನೀರ್ ಹಾಕೂದ್ ಅಂದ್ರ್ ಇವ್ರ್. ಪಾಪ, ದಿನಾ ಬತ್ರ್" ಅಂದರು.

ನನಗೆ ಲುಕ್ಸಾನು ಆಗಬಾರದೆಂದು, ಆ ಬಿಸಿಲಿನಲ್ಲಿ, ಹತ್ತು ದಿನದಿಂದ ನೀರು ಸೇದುತ್ತಿದ್ದಾರೆ ಮಾರಾಯ್ತಿ! ನಾನು ಅತ್ತಿತ್ತ ನೋಡಿದೆ. "ಲಾರಿ ನಾಳೆ ಬತ್ತ್" ಎಂದು ಹೇಳಿ ಸ್ಕೂಟರ್ ತಿರುಗಿಸಿದೆ. ಮರುದಿನ ಸೋರುತ್ತಿದ್ದ ದಿಮ್ಮಿಗಳನ್ನು ಹಾಗೆಯೇ ತೂಗಿಸಿದೆ, ನೀರಿಗೆಂದು ಕಳೆಯಲಿಲ್ಲ. ಯಾಕೆಂದು ಕೇಳಬೇಡಿ. ಚೌಕಾಸಿಯವನಿಗೂ ಒಂದು ಮರ್ಯಾದೆ ಇರುತ್ತದೆ.

ಜೂನ್ ಮೊದಲ ವಾರ, ಒಂದು ಸಂಜೆ, ಆಕಾಶ ಕಪ್ಪಿಟ್ಟು ಮೊದಲ ಮಳೆ ಹೊಡೆಯಿತು. ಭಾವಯ್ಯ ಕುಡಿಯುತ್ತಿದ್ದ ಚಹಾ ಅಲ್ಲೇ ಇಟ್ಟು ಸೈಕಲ್ ಹತ್ತಿದರು. ಎಲ್ಲಿಗೆಂದು ನಾನು ಕೇಳಲಿಲ್ಲ. ನೆನೆಯುತ್ತಾ ನಾನೂ ಹೋದೆ.

ಬೀಜಾಡಿಯ ಆ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಅಕ್ಕ, ಭಾವಯ್ಯ ಇಬ್ಬರೂ ಚಾಪೆಯ ಮೇಲೆ ಕುಳಿತು ಮೇಲಿನ ಹೊಸ ಹಂಚನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಅಕ್ಕ ಸ್ವಲ್ಪ ಸರಿದು ಜಾಗ ಮಾಡಿದರು.

"ಕೂಕಣಿ ಅಣ್ಣಯ್ಯ. ಶಬ್ದ ಕೇಣಿ."

ಕೂತೆ. ಸಮುದ್ರವೇ ಮಾಡಿನ ಮೇಲೆ ನಡೆದು ಹೋಗುತ್ತಿರುವ ಹಾಗಿತ್ತು. ಎಷ್ಟು ಹೊತ್ತು ಮೂವರೂ ಹಾಗೆ ತಲೆಯೆತ್ತಿ ಕುಳಿತಿದ್ದೆವೋ! ಒಳಗೆ ಒಂದು ಹನಿಯೂ ಬೀಳಲಿಲ್ಲ.