ದುರ್ಬೀನಿನಲ್ಲಿ ಸಿಕ್ಕ ಅರಳೆ

ನಮ್ಮ ಕಾಕಾ ಆಕಾಶದ ಕಸ ತೆಗೆಯಲು ಹೊರಟ ಮನುಷ್ಯ! ನಗಬೇಡಿ. ಇಳಕಲ್ಲಿನ ನಮ್ಮ ಓಣಿಯ ಅರ್ಧ ಜನ ಇದಕ್ಕೆ ಸಾಕ್ಷಿ. ಉಳಿದರ್ಧ ಜನ ಆಗ ಊಟಕ್ಕೆ ಕೂತಿದ್ದರು.

ಕಾಕಾ ನೇಕಾರರು. ಅಣ್ಣನ ಮಗನಾದ ನಾನು ಅವರ ಎದುರಿನ ಮಗ್ಗದಲ್ಲಿ ಕೂತು ನೇಯುತ್ತಿದ್ದೆ. ಸೀರೆಯಲ್ಲಿ ಅರಳೆಯ ಚೂರು ಸಿಕ್ಕಿಕೊಂಡರೆ ಯಾವ ನೇಕಾರನೂ ಉಗುರಿನಿಂದ ತೆಗೆಯುತ್ತಾನೆ. ಕಾಕಾ ಮಗ್ಗದಿಂದ ಎದ್ದ ಮೇಲೂ ತೆಗೆಯುತ್ತಿದ್ದರು. ಮದುವೆಯಲ್ಲಿ ಬೀಗರ ರುಮಾಲಿನಿಂದ ತೆಗೆದರು, ಪೂಜೆಯ ನಡುವೆ ಅಯ್ಯನವರ ಹೆಗಲಿನಿಂದ ತೆಗೆದರು. ಒಮ್ಮೆ ಹುನಗುಂದದ ಕಚೇರಿಯಲ್ಲಿ ಸಾಕ್ಷಿ ಹೇಳಲು ನಿಂತವರು ಕಾರಕೂನನ ಮೀಸೆಗೇ ಕೈ ಹಾಕಿದರು. ಅದು ಅರಳೆಯಲ್ಲ, ನರೆಗೂದಲು! ಕಾರಕೂನ ಅಂದು ಬೇರೆ ಯಾವ ಸಾಕ್ಷಿಯನ್ನೂ ಕರೆಯಲಿಲ್ಲ.

ಇಂಥವರ ಕೈಗೆ ದುರ್ಬೀನು ಸಿಕ್ಕರೆ ಏನಾಗಬೇಕು? ದಸರೆಯ ಹೊತ್ತಿಗೆ ಸೆರಗಿನ ರೇಷ್ಮೆ ತರಲು ಬಾಗಲಕೋಟೆಗೆ ಹೋದ ಕಾಕಾ, ವರ್ಗವಾಗಿ ಹೊರಟಿದ್ದ ಇಂಗ್ರೇಜಿ ಅಧಿಕಾರಿಯೊಬ್ಬನ ಸಾಮಾನಿನ ಲಿಲಾವಿನಲ್ಲಿ ಸವಾಲು ಕೂಗಿ, ಹಿತ್ತಾಳೆಯ ದುರ್ಬೀನು ಹಿಡಿದು ಮರಳಿದರು. ರೇಷ್ಮೆ ಎಲ್ಲಿ ಎಂದು ಅವರ ಹೆಂಡತಿ, ನಮ್ಮ ಚಿಗವ್ವ, ಕೇಳಿದಳು. ಇದರಲ್ಲಿ ನೋಡಿದರೆ ಬಾಗಲಕೋಟೆಯ ಅಂಗಡಿಯಲ್ಲಿ ಕಂಡೀತು ಎಂದರು ಕಾಕಾ. ಆ ದಿನ ಅವರಿಗೆ ರೊಟ್ಟಿಯೂ ದೂರದಿಂದಲೇ ಕಂಡಿತು.

ಅಂದಿನಿಂದ ಕತ್ತಲಾಗುತ್ತಲೇ ಕಾಕಾ ಮಾಳಿಗೆಯ ಮೇಲೆ. ಚಂದ್ರನ ಮೈತುಂಬ ತೂತುಗಳಿವೆ ಎಂದು ಓಣಿಗೆಲ್ಲ ಸಾರಿದರು. ಅಲ್ಲಿ ನೇಯುವವರು ಸರಿಯಿಲ್ಲ ಎಂದು ಕಾರಣವನ್ನೂ ಕೊಟ್ಟರು. ದೀಪಾವಳಿ ಅಮಾವಾಸ್ಯೆಯ ಸಂಜೆ ಮಾತ್ರ ಅವರ ಮುಖ ಕೆಟ್ಟಿತು. ಸುತ್ತ ನಕ್ಷತ್ರಗಳು ಚೊಕ್ಕಟವಾಗಿವೆ, ನಡುವೆ ಒಂದು ಮಸುಕಾದ ಬಿಳಿ ಚೂರು. ಅರಳೆ! ಗಾಜನ್ನು ರೇಷ್ಮೆಯ ತುಂಡಿನಿಂದ ಒರೆಸಿದರು. ಹೋಗಲಿಲ್ಲ. ಮರುದಿನ ದುರ್ಬೀನನ್ನೇ ಬಿಚ್ಚಿದರು. ಮತ್ತೆ ಜೋಡಿಸಿದಾಗ ಒಂದು ತಿರುಪು ಹೊರಗೆ ಉಳಿಯಿತು, ಅರಳೆ ಒಳಗೇ ಉಳಿಯಿತು.

ತಪ್ಪು ಯಾರದು? ಪಕ್ಕದ ಮನೆಯವರು ಪಿಂಜಾರ ಚಾಚಾ. ಬಿಲ್ಲಿನಿಂದ ಅರಳೆ ಎಕ್ಕಿ, ಎಂದರೆ ಹಿಂಜಿ ಹಗುರ ಮಾಡಿ, ಗಾದಿ ತುಂಬುವ ಕೆಲಸ. ಅವರ ಬಿಲ್ಲು ಝುಂಯ್ ಎಂದರೆ ನಮ್ಮ ಅಂಗಳವೆಲ್ಲ ಬೆಳ್ಳಗೆ. ಮೂವತ್ತು ವರ್ಷದಿಂದ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮಾತಾಡುತ್ತಲೇ ಕಾಕಾ ಚಾಚಾನ ಗಡ್ಡದಿಂದ ಅರಳೆ ಆರಿಸುತ್ತಿದ್ದರು. ಚಾಚಾ ಗಡ್ಡ ಕೊಟ್ಟು ಸುಮ್ಮನೆ ಕೂರುತ್ತಿದ್ದರು. ಅಂಥ ಚಾಚಾನಿಗೆ ಕಾಕಾ ಆ ದಿನ ನಾಲ್ಕು ಜನರ ಮುಂದೆ, ನಿನ್ನ ಕೆಲಸ ಹೊಲಸು, ನನ್ನ ದುರ್ಬೀನು ಕೆಡಿಸಿದೆ ಎಂದುಬಿಟ್ಟರು. ಚಾಚಾ ಎದ್ದು, "ಆಗಲಿರಿ" ಎಂದು ಒಳಗೆ ಹೋದರು. ಲೇ ಎಂದು ಕರೆಯುತ್ತಿದ್ದವರು ರೀ ಹಚ್ಚಿದರೆಂದರೆ ತಿಳಿಯಿರಿ, ಬೈದಿದ್ದರೆ ಎಷ್ಟೋ ಮೇಲಿತ್ತು. ಕಟ್ಟೆ ಖಾಲಿ ಬಿತ್ತು. ಕಾಕಾ ದಿನವೂ ಗಾಜು ಒರೆಸಿ, ಹೋಯಿತೋ ಇಲ್ಲವೋ ಎಂದು ಆಕಾಶದ ಅದೇ ಮೂಲೆಗೇ ದುರ್ಬೀನು ಹಿಡಿದು ನೋಡಿದರು. ಆರಿಸಲು ಗಡ್ಡವಿಲ್ಲದೆ ಬೆಕ್ಕಿನ ಬೆನ್ನನ್ನು ಕೆದಕಿ ಪರಚಿಸಿಕೊಂಡರು.

ಸಂಕ್ರಾಂತಿ ಕಳೆದ ಮೇಲೊಂದು ಸಂಜೆ ಚಾಚಾ ನಮ್ಮ ಬಾಗಿಲಿಗೆ ಬಂದರು. ಮರುದಿನ ಊರು ಬಿಟ್ಟು ಸೊಲ್ಲಾಪುರದ ಮಗನ ಮನೆಗೆ ಹೋಗುವವರಿದ್ದರು. ಮತ್ತೆ ಮರಳುವುದಿರಲಿಲ್ಲ.

"ನನ್ನ ಕೆಲಸಕ್ಕ ಯಾರೂ ಹೊಲಸು ಅಂದಿಲ್ಲರಿ," ಎಂದರು. "ಈ ಮಾತು ಹೊತ್ಕೊಂಡು ನಾ ಊರು ಬಿಡಂಗಿಲ್ಲ. ತೋರಸ್ರಿ."

ಕಾಕಾ ಮುಂದೆ, ಚಾಚಾ ನಡುವೆ, ನಾನು ಹಿಂದೆ ಏಣಿ ಹತ್ತಿದೆವು. ಚಾಚಾ ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಅರಳೆ ನೋಡುವುದರಲ್ಲಿ ಅವರನ್ನು ಮೀರಿಸಿದವರು ಯಾರಿದ್ದಾರೆ? ಆಮೇಲೆ ದುರ್ಬೀನನ್ನು ಎತ್ತಿ ಪಕ್ಕಕ್ಕಿಟ್ಟು, ಬರಿಗಣ್ಣಿನಿಂದ ಮೇಲೆ ನೋಡಿ, ಕಾಕಾನ ಗದ್ದ ಹಿಡಿದು ಮುಖವನ್ನು ಅತ್ತ ಎತ್ತಿದರು.

ಚೂರು ಅಲ್ಲೇ ಇತ್ತು! ಚಿಕ್ಕದಾಗಿ, ಮಸುಕಾಗಿ, ಆಕಾಶದಲ್ಲೇ ಇತ್ತು. ದುರ್ಬೀನು ಬಂದ ದಿನದಿಂದ ನಮ್ಮ ಕಾಕಾ ಒಮ್ಮೆಯೂ ಬರಿಗಣ್ಣಿನಿಂದ ತಲೆ ಎತ್ತಿ ನೋಡಿರಲಿಲ್ಲ!

"ನಂದಲ್ಲರಿ," ಎಂದರು ಚಾಚಾ. "ಇಷ್ಟು ಸಣ್ಣಗ ಎಕ್ಕೂದು ನನ್ನ ಕೈಲೆ ಆಗೂದಿಲ್ಲ."

ಕಾಕಾ ಜನ್ಮದಲ್ಲಿ ಯಾರಿಗೂ ತಲೆಬಾಗಿದವರಲ್ಲ. "ಲೇ, ನಂದು ತಪ್ಪಾತು," ಎಂದರು. ಅಷ್ಟೇ. ಇಬ್ಬರೂ ಮಾಳಿಗೆಯ ಮೇಲೆ ಕೂತು ಎಲೆ ಅಡಿಕೆ ಹಾಕಿದರು. ನಾನು ಕೆಳಗಿಳಿದು ಬಂದೆ.

ಮರುದಿನ ಕಾಕಾ ಬಂಡಿಯಲ್ಲಿ ಬಾಗಲಕೋಟೆಯ ಸ್ಟೇಶನ್ನಿನ ತನಕ ಹೋಗಿ ಚಾಚಾನನ್ನು ಕಳಿಸಿದರು. ಹಾಗೇ ಅಲ್ಲೊಬ್ಬ ಇಂಗ್ರೇಜಿ ಸಾಲಿ ಮಾಸ್ತರರನ್ನು ಹುಡುಕಿ ಆ ಚೂರಿನ ಸಂಗತಿ ಕೇಳಿದರು. ಅದು ಸುಳಿಯಾಗಿ ಸುತ್ತಿಕೊಂಡ ಬೆಳಕಂತೆ. ನಮಗೆ ಇಂದು ಕಾಣುವ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯ ಗುಡ್ಡಕ್ಕೆ ಇನ್ನೂ ಉಳಿ ತಾಗಿರಲಿಲ್ಲವಂತೆ. ಅದು ಏನೆಂಬುದರ ಬಗ್ಗೆ ದೊಡ್ಡ ದೊಡ್ಡ ಪಂಡಿತರೂ ಜಗಳವಾಡುತ್ತಿದ್ದಾರೆ ಎಂದು ಕೇಳಿ ಕಾಕಾನಿಗೆ ಎಷ್ಟೋ ಸಮಾಧಾನವಾಯಿತು.

ಮರಳಿ ಬಂದ ಸಂಜೆ, ಇನ್ನು ಆ ಸುಳಿಯನ್ನು ಕಾಣದೆ ಇವರಿಗೆ ನಿದ್ದೆ ಬಾರದು ಎಂದು ನಾನೇ ದುರ್ಬೀನನ್ನು ಮಾಳಿಗೆಗೆ ಹೊತ್ತು ತಂದೆ. ಒಳಗಿಡು ಎಂದರು. ಯಾಕೆ, ಕೆಟ್ಟಿತೇ ಎಂದು ಕೇಳಿದೆ. ಕಾಕಾ ತಲೆ ಎತ್ತಿ ಆ ಚೂರನ್ನೇ ನೋಡುತ್ತ ಕೂತಿದ್ದರು.

"ಸೊಲ್ಲಾಪುರದಾಗ ಅವನ ಕಡೆ ದುರ್ಬೀನ ಎಲ್ಲೈತಿ?" ಎಂದರು. "ಅವಗ ಕಂಡಷ್ಟ ನನಗೂ ಕಾಣಲಿ."

ದುರ್ಬೀನನ್ನು ಒಳಗಿಟ್ಟು ಬಂದು ಅವರ ಪಕ್ಕದಲ್ಲಿ ಕೂತೆ.