ಬುಡಾಪೆಸ್ಟಿಗೆ ಒಂದು ಚಿಟಿಕೆ ಅರಿಶಿನ

ಪಾಸ್‌ಪೋರ್ಟಿಗೆ ಅರಿಶಿನ ಕುಂಕುಮ ಹಚ್ಚಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಹಚ್ಚಲೇಬೇಕು ಅಂತಲೂ ಬರೆದಿಲ್ಲ ಅನ್ನಿ. ಆದರೆ ಹೊಸ ಸ್ಕೂಟರಿಗೆ, ಹೊಸ ಫ್ರಿಜ್ಜಿಗೆ, ಕಡೆಗೆ ಹೊಸ ಗ್ಯಾಸ್ ರೆಗ್ಯುಲೇಟರಿಗೂ ಬೊಟ್ಟಿಟ್ಟು ರೂಢಿಯಾದ ಕೈ, ಪಾಸ್‌ಪೋರ್ಟು ಕಂಡಾಗ ಮಾತ್ರ ಸುಮ್ಮನಿರುವುದು ಹೇಗೆ? ಲಿಂಗರಾಜಪುರದ ವಾದಿರಾಜ ಆ ಗುರುವಾರ ಬೆಳಿಗ್ಗೆ ಸ್ನಾನ ಮುಗಿಸಿ ದೇವರಿಗೆ ಕೈಮುಗಿಯಲು ಹೋದಾಗ, ಪೂಜೆಯ ತಟ್ಟೆಯಲ್ಲಿ ಅವನ ಪಾಸ್‌ಪೋರ್ಟು ಹಸೆಮಣೆಯ ಮೇಲಿನ ಮದುಮಗಳಂತೆ ಸಿಂಗರಿಸಿಕೊಂಡು ಕೂತಿತ್ತು.

ನೀಲಿ ರಟ್ಟಿನ ಮೇಲೆಲ್ಲ ಅರಿಶಿನದ ಲೇಪ. ನಡುವೆ ಕುಂಕುಮದ ಸ್ವಸ್ತಿಕ, ಮೇಲೆ ಅಕ್ಷತೆ, ಎರಡು ದುಂಡುಮಲ್ಲಿಗೆ. ತೆರೆದು ನೋಡಿದ. ಫೋಟೋ ಇರಬೇಕಾದ ಜಾಗದಲ್ಲಿ ದಪ್ಪ ಅರಿಶಿನದಲ್ಲಿ ‘ಶ್ರೀ’ ಅಂತ ಬರೆದಿತ್ತು. ಆ ಶ್ರೀಕಾರದ ಸಂದಿಯಿಂದ ವಾದಿರಾಜನ ಒಂದು ಕಿವಿ ಮಾತ್ರ ಇಣುಕುತ್ತಿತ್ತು. ಮಿಕ್ಕ ಹಾಳೆಗಳು ತೆರೆಯಲೇ ಇಲ್ಲ. ಪಂಚಾಮೃತ ಚಿಮುಕಿಸಿದ್ದರಿಂದ ಜೇನುತುಪ್ಪ, ಸಕ್ಕರೆ ಎಲ್ಲ ಇಳಿದು ಒಂದಕ್ಕೊಂದು ಭದ್ರವಾಗಿ ಅಂಟಿಕೊಂಡಿದ್ದವು. ವೀಸಾ ಆ ಜೇನಿನ ಒಳಗೆಲ್ಲೋ ಮುಳುಗಿರಬೇಕು. ಅವತ್ತು ರಾತ್ರಿಯೇ ಗಂಡ ಹೆಂಡತಿ ಇಬ್ಬರಿಗೂ ಬುಡಾಪೆಸ್ಟಿನ ವಿಮಾನ. ಸಂಜೆ ಆರಕ್ಕೆ ಟ್ಯಾಕ್ಸಿ ಬರುವುದಿತ್ತು.

“ಶಾಂ—” ಅಂದ ವಾದಿರಾಜ.

‘ಶಾಂತಕುಮಾರೀ!’ ಎಂಬ ಆ ಕೂಗು ದಿನಕ್ಕೆ ಮೂರು ಸಲವಾದರೂ ಆ ಬೀದಿಗೆಲ್ಲ ಕೇಳಿಸುವಂಥದ್ದು. ಟವೆಲ್ ಸಿಗದಿದ್ದರೆ ಕೂಗು, ಕಾಫಿ ಆರಿದರೆ ಕೂಗು. ಇವತ್ತು ಅದು ಗಂಟಲಲ್ಲೇ ನಿಂತಿತು. ಒಂದು, ಹೆಂಡತಿ ಮನೆಯಲ್ಲಿರಲಿಲ್ಲ. ಆರೂವರೆಗೇ ಹಲಸೂರು ಸೋಮೇಶ್ವರನಿಗೆ ಅರ್ಚನೆ ಮಾಡಿಸಿ, ಅಲ್ಲಿಂದ ಶಿವಾಜಿನಗರಕ್ಕೆ ಹೋಗಿ ಸ್ವೆಟರು ಕೊಂಡು ಸಂಜೆ ನಾಲ್ಕಕ್ಕೆ ಬರ್ತೀನಿ ಅಂತ ಹೊರಟಿದ್ದಳು. ಇನ್ನೊಂದು, ಫೋನು ಕೈಗೆತ್ತಿಕೊಂಡವನಿಗೆ ಆ ‘ಶ್ರೀ’ ಮತ್ತೆ ಕಣ್ಣಿಗೆ ಬಿತ್ತು. ಎಷ್ಟು ದುಂಡಾಗಿ ಬರೆದಿದ್ದಾಳೆ! ನಾಲ್ಕು ಗಂಟೆಗೆ ಎದ್ದು, ತಲೆಗೆ ನೀರು ಹಾಕಿಕೊಂಡು, ಗಂಡನ ಪ್ರಯಾಣ ಸುಖವಾಗಲಿ ಅಂತ ಬರೆದದ್ದು. ಸೀದ ದೋಸೆಗೆ ಬೈದರೆ ಮಧ್ಯಾಹ್ನಕ್ಕೆ ಮರೆಯುತ್ತಾಳೆ. ಇದಕ್ಕೆ ಬೈದರೆ ಸಾಯೋವರೆಗೂ ಕೊರಗುತ್ತಾಳೆ. ವಾದಿರಾಜ ಫೋನು ಕೆಳಗಿಟ್ಟ. ಹೇಗಾದರೂ ಮಾಡಿ ಅವಳು ಬರುವುದರೊಳಗೆ ಇದನ್ನು ತೊಳೆದು, ಒಣಗಿಸಿ, ಏನೂ ಆಗದವನ ಹಾಗೆ ಹೊರಟುಬಿಡಬೇಕು ಅಂದುಕೊಂಡ.

ಬುಡಾಪೆಸ್ಟಿನ ಆಸೆ ಅವನಿಗೆ ಇವತ್ತು ನಿನ್ನೆಯದಲ್ಲ. ಐವತ್ತನಾಲ್ಕು ವರ್ಷದ ಈ ವಿಮಾ ಕಚೇರಿಯ ನೌಕರನಿಗೆ ಇದ್ದದ್ದು ಒಂದೇ ಹುಚ್ಚು, ಚದುರಂಗ. ಒಂದು ಸಲ ಯಾವುದೋ ವಿಡಿಯೋ ನೋಡಿದ್ದ. ಹಂಗೆರಿ ದೇಶದ ರಾಜಧಾನಿಯಂತೆ. ಅರಮನೆಯಂಥ ಹಳದಿ ಕಟ್ಟಡ, ಅದರ ನಡುವೆ ಬಯಲಲ್ಲೇ ದೊಡ್ಡ ಬಿಸಿನೀರಿನ ಕೊಳ, ಭೂಮಿಯೊಳಗಿಂದ ತಾನಾಗಿ ಉಕ್ಕುವ ನೀರು. ಆ ನೀರಲ್ಲಿ ಎದೆಮಟ್ಟ ನಿಂತು, ಮುಂದೆ ಮಣೆ ಇಟ್ಟುಕೊಂಡು, ಬಿಳಿಗೂದಲಿನ ಮುದುಕರು ಚದುರಂಗ ಆಡುತ್ತಿದ್ದರು! ಮೇಲೆ ಹಬೆ, ಮುಖದಲ್ಲಿ ನೆಮ್ಮದಿ. ‘ಸ್ವರ್ಗದಲ್ಲಿ ಅಮೃತ ಕೊಡ್ತಾರೋ ಇಲ್ವೋ, ಇದನ್ನಂತೂ ಕೊಡಲ್ಲ’ ಅಂತ ಅವನಿಗೆ ಅವತ್ತೇ ಅನ್ನಿಸಿತ್ತು. ಆ ನೀರಿಗಿಳಿದು ಒಂದೇ ಒಂದು ಆಟ ಆಡಬೇಕು. ಸೋತರೂ ಚಿಂತೆಯಿಲ್ಲ.

ಅಲ್ಲಿಂದ ಮುಂದೆ ಅವನು ಊರಿನ ಇಡೀ ನಕ್ಷೆಯನ್ನು ಬಾಯಿಪಾಠ ಮಾಡಿದ. ಕೇಳುವವರು ಬೇಕಲ್ಲ, ಬೀದಿಯವರಿಗೆಲ್ಲ ಹೇಳಿದ. ಹಾಗಾಗಿ ಲಿಂಗರಾಜಪುರದ ಆ ಬೀದಿಯಲ್ಲಿ ಕೋರಮಂಗಲದ ದಾರಿ ತಿಳಿಯದವರಿಗೂ ಬುಡಾಪೆಸ್ಟಿನ ದಾರಿ ತಿಳಿದಿತ್ತು.

ಮೊದಲು ಬಂದವಳು ಕೆಳಗಿನ ಮನೆಯ ಜಹನಾರಾ. ಬಟ್ಟೆ ಹೊಲಿಯುವವಳು, ಶಾಂತಕುಮಾರಿಯ ಹೊಸ ಚೂಡಿದಾರ ಕೊಡಲು ಮೆಟ್ಟಿಲು ಹತ್ತಿ ಬಂದಿದ್ದಳು. ತಟ್ಟೆ ನೋಡಿದವಳೇ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯೋ ಅಲ್ಲಾ! ಅಣ್ಣಾ, ಇದೇನು ಹೀಗಾಗೋಯ್ತು?”

“ನಿಮ್ಮಕ್ಕನ ಪೂಜೆ ಕಣಮ್ಮಾ. ಅವಳಿಗೆ ಹೇಳ್ಬೇಡ, ಪಾಪ ಅಳ್ತಾಳೆ.”

“ನಾನ್ಯಾಕೆ ಹೇಳ್ಲಿ? ನೀವೂ ಹೇಳ್ಬೇಡಿ. ಆರು ತಿಂಗಳಿಂದ ಅಕ್ಕ ಅಲ್ಲಿನ ಸೇತುವೆ ಸಿಂಹದ ಜೊತೆ ಫೋಟೋ ತೆಗಿಸ್ಕೋಬೇಕು ಅಂತಿದ್ದಾರೆ. ಆ ಸಿಂಹಕ್ಕೆ ನಾಲಿಗೆ ಇಲ್ವಂತಲ್ಲ ಅಣ್ಣಾ?”

“ಕೆಳಗಿಂದ ಕಾಣ್ಸಲ್ಲ ಅಂತಾರೆ. ಎಂಥಾ ಸೇತುವೆ ಗೊತ್ತಾ! ಈ ಕಡೆ ಗುಡ್ಡದ ಮೇಲೆ ಬುಡಾ, ಆ ಕಡೆ ಸಮನೆಲದಲ್ಲಿ ಪೆಸ್ಟ್, ನಡುವೆ ಡ್ಯಾನ್ಯೂಬ್ ನದಿ...” ಅನ್ನುತ್ತಿದ್ದಂತೆ ವಾದಿರಾಜನ ಕಣ್ಣು ತುಂಬಿ ಬಂತು.

“ಅಳ್ಬೇಡಿ. ಹಾಳೆ ಬಿಡ್ಸೋದು ತಾನೆ? ಸ್ಟೀಮ್ ಇಸ್ತ್ರಿ ಇದೆ ನನ್ಹತ್ರ. ರೇಷ್ಮೆಗೆ ಇಡೋಷ್ಟು ಶಾಖ ಇಟ್ರೆ ಸಾಕು.”

ಇಸ್ತ್ರಿ ಬಂತು. ಮೇಲೊಂದು ಕರ್ಚೀಫು ಹಾಸಿ ಜಹನಾರಾ ನಾಜೂಕಾಗಿ ಎರಡು ಸಲ ಒತ್ತಿದಳು. ಹಬೆಗೆ ಸಕ್ಕರೆ ಕರಗಿತು. ಕರಗಿದ ಸಕ್ಕರೆ ಜೇನಿನೊಂದಿಗೆ ಸೇರಿ ಪಾಕವಾಯಿತು. ತಣ್ಣಗಾದ ಮೇಲೆ ನೋಡಿದರೆ ಪಾಸ್‌ಪೋರ್ಟು ಕಡಲೆಕಾಯಿ ಚಿಕ್ಕಿಯಷ್ಟು ಗಟ್ಟಿಯಾಗಿತ್ತು. ಮನೆಯಲ್ಲೆಲ್ಲ ಘಮಘಮ.

ಆ ಘಮಲು ಹಿಡಿದೇ ಬಂದರೋ ಏನೋ, ಎದುರು ಮನೆಯ ಬೈಲಪ್ಪನವರು ಬಾಗಿಲಲ್ಲಿ ನಿಂತಿದ್ದರು. ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ಪ್ರಪಂಚದಲ್ಲಿ ರಿಪೇರಿಯಾಗದ ವಸ್ತು ಇಲ್ಲ ಎಂಬುದು ಅವರ ನಂಬಿಕೆ. ಅವರು ರಿಪೇರಿ ಮಾಡಿದ ವಸ್ತು ಮತ್ತೆ ಕೆಲಸ ಮಾಡುವುದಿಲ್ಲ ಎಂಬುದು ಬೀದಿಯವರ ಅನುಭವ.

“ಬಟ್ಟೆ ಸೋಪು ಕೊಡಯ್ಯ,” ಅಂದರು ಕನ್ನಡಕ ಏರಿಸಿಕೊಂಡು. “ಅರಿಶಿನ ತಾನೆ? ಎರಡೇ ನಿಮಿಷ.”

ಹಳೇ ಟೂತ್ ಬ್ರಷ್ಷಿಗೆ ಸೋಪು ಹಚ್ಚಿ ‘ಶ್ರೀ’ಯ ಮೇಲೆ ಉಜ್ಜಿದರು. ಮರುಕ್ಷಣವೇ ಹಳದಿಯಿದ್ದ ಪುಟ ಕೆಂಪಗೆ ರಕ್ತದ ಬಣ್ಣಕ್ಕೆ ತಿರುಗಿತು. ವಾದಿರಾಜ ಕುರ್ಚಿಯ ಮೇಲೆ ಕುಸಿದ. ಜಹನಾರಾ ಕಿಟಾರನೆ ಕಿರುಚಿಕೊಂಡಳು.

“ಗಾಬರಿ ಬೇಡ, ಗಾಬರಿ ಬೇಡ! ಸೋಪಿಗೆ ಅರಿಶಿನ ಕೆಂಪಾಗುತ್ತೆ, ಹುಳಿ ಬಿದ್ರೆ ಮತ್ತೆ ಹಳದಿ ಆಗುತ್ತೆ. ನಿಂಬೆಹಣ್ಣು ತಾರಯ್ಯ!”

ನಿಂಬೆಹಣ್ಣು ಹಿಂಡಿದರು. ಪುಟ ಸತ್ಯವಾಗಿಯೂ ಮತ್ತೆ ಹಳದಿಯಾಯಿತು, ಅಂದರೆ ಮೊದಲಿದ್ದಲ್ಲಿಗೇ ಬಂದು ನಿಂತಿತು. ಇಷ್ಟಾದ ಮೇಲೆ ಬೈಲಪ್ಪನವರು ರಟ್ಟಿನ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಇದೇನೋ ವಾದಿರಾಜ, ಮೂಲೆ ಬೇರೆ ಹೋಗಿದೆಯಲ್ಲೋ! ಇಲಿ ಕಡಿದಿದೆ. ಜೇನುತುಪ್ಪ ಅಂದ್ರೆ ಇಲಿ ಬಿಡುತ್ತಾ?”

“ಇಲಿ ಬೇರೆ!” ಎಂದು ವಾದಿರಾಜ ಹಣೆ ಹಣೆ ಚಚ್ಚಿಕೊಂಡ.

ಹನ್ನೆರಡು ಗಂಟೆಗೆ ಮೂವರೂ ಮೆರವಣಿಗೆಯಲ್ಲಿ ಬೀದಿ ಮೂಲೆಯ ಸಕ್ಲೇನನ ಜೆರಾಕ್ಸ್ ಅಂಗಡಿಗೆ ಹೋದರು. ಒದ್ದೆಯಾದ ಆಧಾರ್ ಕಾರ್ಡು, ಹರಿದ ಮಾರ್ಕ್ಸ್ ಕಾರ್ಡುಗಳಿಗೆಲ್ಲ ಆ ಕಡೆಗೆ ಅವನೇ ಡಾಕ್ಟರು. ಸಕ್ಲೇನ್ ಪಾಸ್‌ಪೋರ್ಟನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ ನೋಡಿದ.

“ಏನ್ ಸರ್ ಇದು, ಹೋಳಿಗೆನಾ?”

“ತಮಾಷೆ ಬೇಡಪ್ಪ. ಒಣಗ್ಸಿ ಕೊಡು ಸಾಕು. ನಾಳೆ ಇಷ್ಟೊತ್ತಿಗೆ ನಾನು ಅಲ್ಲಿ ಎರಡನೇ ನಂಬರ್ ಟ್ರಾಮಲ್ಲಿ ಕೂತಿರ್ಬೇಕು ಕಣೋ. ನದಿ ದಡದಲ್ಲೇ ಹೋಗುತ್ತೆ, ಪಾರ್ಲಿಮೆಂಟಿನ ಪಕ್ಕದಲ್ಲೇ. ಅದರ ಗುಮ್ಮಟದ ಎತ್ತರ ತೊಂಬತ್ತಾರು ಮೀಟರು.”

“ಗೊತ್ತು ಸರ್, ಹೇಳಿದ್ರಿ. ಮೆಟ್ರೋನೂ ಹೇಳಿದ್ರಿ.”

“ಸಾವಿರದ ಎಂಟುನೂರ ತೊಂಬತ್ತಾರನೇ ಇಸವಿ!” ಅಂದರು ಬೈಲಪ್ಪನವರು ಅಭಿಮಾನದಿಂದ, ತಾವೇ ಸುರಂಗ ಕೊರೆದವರ ಹಾಗೆ. “ನಮ್ಮೂರಲ್ಲಿ ಜಟಕಾ ಓಡೋ ಕಾಲಕ್ಕೆ ಅವರೂರಲ್ಲಿ ನೆಲದಡಿ ರೈಲು. ಇವತ್ತಿಗೂ ಓಡ್ತಿದೆ, ಹಳದಿ ಬಣ್ಣದ್ದು. ಏನು ಜನ ಕಣಯ್ಯ ಅವರು! ಮಾಡಿದ್ದನ್ನ ಉಳಿಸ್ಕೋತಾರೆ.”

ಸಕ್ಲೇನ್ ಬಿಸಿಗಾಳಿ ಊದುವ ಯಂತ್ರ ಹಚ್ಚಿದ. ಎಲ್ಲರೂ ಕತ್ತು ಚಾಚಿ ನಿಂತರು. ಫೋಟೋ ಪುಟ ಮೊದಲು ಮೆಲ್ಲಗೆ ಎದ್ದಿತು, ಆಮೇಲೆ ಬಾಗಿತು, ಆಮೇಲೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿತು. ವಾದಿರಾಜನ ಉಳಿದಿದ್ದ ಒಂದು ಕಿವಿಯೂ ಅದರೊಳಗೆ ಸೇರಿಹೋಯಿತು.

“ಲ್ಯಾಮಿನೇಷನ್ ಹೊಡ್ದ್ಬಿಡ್ಲಾ ಸರ್?” ಅಂದ ಸಕ್ಲೇನ್ ಬಹಳ ಮರುಕದಿಂದ.

ಗಂಟೆ ಎರಡೂವರೆ. ಇಂದಿರಾನಗರದ ಟೂರ್ ಆಫೀಸಿನ ಪದ್ಮಶ್ರೀಗೆ ಫೋನ್ ಮಾಡದೆ ದಾರಿಯಿರಲಿಲ್ಲ. ಆ ಹುಡುಗಿ ಎಲ್ಲ ಕೇಳಿಸಿಕೊಂಡಳು.

“ಸರ್, ಫೋಟೋ ಪೇಜ್ ಹೋಗಿದ್ರೆ ಇಮಿಗ್ರೇಷನಲ್ಲಿ ಖಂಡಿತ ಬಿಡಲ್ಲ. ಮೂರು ಗಂಟೆ ಒಳಗೆ ಕ್ಯಾನ್ಸಲ್ ಅಂದ್ರೆ ನಿಮ್ಮ ಹೆಸರನ್ನ ಮುಂದಿನ ಬೇಸಿಗೆ ಬ್ಯಾಚಿಗೆ ಹಾಕ್ತೀನಿ. ಮೂರಾದ್ಮೇಲೆ ನನ್ಕೈಲಿ ಏನೂ ಇಲ್ಲ. ಮೇಡಂ ಪಾಸ್‌ಪೋರ್ಟ್ ಸರಿಯಾಗಿದೆ ತಾನೆ?”

“ಅವಳದ್ದು ಅವಳ ಬ್ಯಾಗಲ್ಲೇ ಇದೆಯಮ್ಮ.”

“ಹಂಗಾದ್ರೆ ಮೇಡಂ ಆದ್ರೂ ಬರ್ಲಿ ಸರ್. ಗ್ರೂಪಲ್ಲಿ ಹನ್ನೊಂದು ಜನ ಲೇಡೀಸ್ ಇದ್ದಾರೆ.”

ವಾದಿರಾಜ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತ. ಒಂದು ವರ್ಷ ಕಾಯಬೇಕು. ಬರೀ ಒಂದು ವರ್ಷ ಅಂತ ಮನಸ್ಸಿಗೆ ಹೇಳಿಕೊಂಡರೂ ಅಳು ಬಂತು. ಎರಡು ಐವತ್ತೆಂಟಕ್ಕೆ ಫೋನು ತೆಗೆದು, “ನನ್ನೊಬ್ಬಂದು ಕ್ಯಾನ್ಸಲ್ ಮಾಡಮ್ಮ. ಅವಳು ಬರ್ತಾಳೆ,” ಅಂದ. ಬೈಲಪ್ಪನವರು ಅವನ ಬೆನ್ನು ಸವರಿದರು.

“ಗಂಡಸು ಅಂದ್ರೆ ನೀನಯ್ಯ! ಒಂದು ಮಾತು ಬೈಲಿಲ್ಲ ಆ ತಾಯಿನ.”

“ಇಂಥ ಮನುಷ್ಯನ್ನ ನೋಡೇ ಇಲ್ಲ,” ಅಂತ ಜಹನಾರಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಾಂತಕುಮಾರಿ ಮನೆ ಸೇರಿದ್ದು ಐದು ಗಂಟೆಗೆ. ಶಿವಾಜಿನಗರದಿಂದ ಬಸ್ಸು ಸಿಗದೆ, ಬೆವರು ಸುರಿಸಿಕೊಂಡು, ಎರಡು ಸ್ವೆಟರು ಮತ್ತು ಸೋಮೇಶ್ವರನ ಪ್ರಸಾದ ಹಿಡಿದು ಬಂದಳು. ಬೀದಿಯವರು ಬೀಳ್ಕೊಡಲು ಬಂದು ನಡುಮನೆಯಲ್ಲಿ ಸಾಲಾಗಿ ನಿಂತಿದ್ದರು. ವಾದಿರಾಜ ಮಧ್ಯಾಹ್ನದಿಂದ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ.

“ನೋಡು ಶಾಂತಾ, ಆಫೀಸಲ್ಲಿ ದಿಢೀರ್ ಅಂತ ಇನ್‌ಸ್ಪೆಕ್ಷನ್ ಬಂದಿದೆ. ನನ್ನ ರಜ ಕ್ಯಾನ್ಸಲ್. ನೀನು ಹೋಗಿ ಬಾ. ಎಲ್ಲ ನೋಡು. ಸಂಜೆ ಎಂಟೂವರೆಗೂ ಬೆಳಕಿರುತ್ತೆ, ಗುಡ್ಡ ಹತ್ತಿ ಊರು ನೋಡು. ನಾನು ಮುಂದಿನ ವರ್ಷ ಹೋಗ್ತೀನಿ.”

ಶಾಂತಕುಮಾರಿ ಅವನ ಮುಖವನ್ನೇ ನೋಡಿದಳು. ಆಮೇಲೆ ದೇವರ ಮನೆಯತ್ತ ಇಣುಕಿದಳು.

“ರೀ, ತಟ್ಟೇಲಿಟ್ಟಿದ್ದ ನಿಮ್ಮ ಹಳೇ ಪಾಸ್‌ಪೋರ್ಟ್ ಎಲ್ಲಿ?”

“ಹಳೇ...?”

“ಹೂಂ ರೀ. ಹತ್ತು ವರ್ಷದ ಹಿಂದೆ ಸಿಂಗಪುರಕ್ಕೆ ಹೋಗ್ತೀನಿ ಅಂತ ಮಾಡ್ಸಿ, ಹೋಗ್ದೆ ಬೀರುವಿನಲ್ಲಿಟ್ಟಿದ್ರಲ್ಲ, ಅದು. ಹೊಸದು ಕೊಡುವಾಗ ಪಾಸ್‌ಪೋರ್ಟ್ ಆಫೀಸಿನವರು ಮೂಲೆ ಕತ್ತರಿಸಿ ವಾಪಸ್ ಕೊಟ್ಟಿದ್ರಲ್ಲ? ಪೂಜೆಗೆ ಅದನ್ನಿಟ್ಟೆ. ಹೊಸದಕ್ಕೆ ಅರಿಶಿನ ಬಳಿಯೋಕೆ ನಾನೇನು ಅಷ್ಟು ದಡ್ಡೀನಾ? ದೇವರೇನು ಎಕ್ಸ್‌ಪೈರಿ ಡೇಟ್ ನೋಡ್ತಾನಾ? ನಂದು, ನಿಮ್ದು, ಎರಡೂ ಹೊಸದು ಇಲ್ಲೇ ಇದೆ. ಅರ್ಚನೆ ತಟ್ಟೆಯಲ್ಲಿಟ್ಟು ಹಾಗೇ ವಾಪಸ್ ತಂದೆ.”

ಬ್ಯಾಗಿನ ಒಳಜೇಬಿನ ಜಿಪ್ಪು ಎಳೆದಳು. ಪ್ಲಾಸ್ಟಿಕ್ ಕವರಿನಲ್ಲಿ ಎರಡು ಪಾಸ್‌ಪೋರ್ಟುಗಳು ಕಲೆಯಿಲ್ಲದೆ, ಮಡಿಕೆಯಿಲ್ಲದೆ ಫಳಫಳ ಹೊಳೆಯುತ್ತಿದ್ದವು. ಒಂದರೊಳಗೆ ವಾದಿರಾಜ ಎರಡು ಕಿವಿಗಳೊಂದಿಗೆ ಗಂಭೀರವಾಗಿ ನೋಡುತ್ತಿದ್ದ.

ಬೈಲಪ್ಪನವರು ಮೆಲ್ಲಗೆ ಚಪ್ಪಲಿ ಹುಡುಕತೊಡಗಿದರು. ವಾದಿರಾಜ ಪದ್ಮಶ್ರೀಗೆ ಫೋನ್ ಮಾಡಿದ.

“ಅಯ್ಯೋ ಸರ್, ನೀವು ಹೇಳಿದ್ ತಕ್ಷಣ ಹೆಸರು ತೆಗೆಸ್ಬಿಟ್ಟೆ. ಸೀಟೂ ಹೋಯ್ತು, ಫ್ಲೈಟ್ ಫುಲ್. ಸಾರಿ ಸರ್.”

ಈಗ ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಎಲ್ಲ ಹೇಳಿದ. ಇಸ್ತ್ರಿ, ಸೋಪು, ನಿಂಬೆಹಣ್ಣು, ಬಿಸಿಗಾಳಿ ಯಾವುದನ್ನೂ ಬಿಡಲಿಲ್ಲ. ಕೇಳುತ್ತಾ ಕೇಳುತ್ತಾ ಶಾಂತಕುಮಾರಿ ಸೋಫಾದ ಮೇಲೆ ಕೂತುಬಿಟ್ಟಳು. ಹೊರಗೆ ಟ್ಯಾಕ್ಸಿಯವನು ಹಾರನ್ ಬಾರಿಸಿದ.

“ಹಾಗಾದ್ರೆ ನಾನೂ ಹೋಗಲ್ಲ ಬಿಡಿ,” ಅಂದಳು ಕಣ್ಣು ತುಂಬಿಕೊಂಡು.

“ಛೆ ಛೆ, ನೀನು ಹೋಗ್ಲೇಬೇಕು,” ಅಂದ ವಾದಿರಾಜ. ಉಪಚಾರ ಅಂದಮೇಲೆ ಎರಡು ಮೂರು ಸಲ ಬೇಡ ಅನ್ನುವುದು, ಬಲವಂತ ಮಾಡಿಸಿಕೊಳ್ಳುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಇನ್ನೊಂದು ಸಲ ಬೇಡ ಅಂದಾಳು, ಆಗ ಒಪ್ಪಿಕೊಂಡುಬಿಡೋಣ ಅಂತ ಅವನು ಒಳಗೊಳಗೇ ಕಾದ. ಅಷ್ಟರಲ್ಲಿ ಸಕ್ಲೇನ್ ಸೂಟ್‌ಕೇಸನ್ನು ಡಿಕ್ಕಿಯಲ್ಲಿಟ್ಟಿದ್ದ, ಶಾಂತಕುಮಾರಿ ಹಿಂದಿನ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಟ್ಯಾಕ್ಸಿ ಹೊರಟಿತು. ನಾಲ್ಕು ಮಾರು ಹೋಗಿ ಗಕ್ಕನೆ ನಿಂತಿತು. ವಾದಿರಾಜ ಓಡಿದ. ಶಾಂತಕುಮಾರಿ ಕಿಟಕಿಯ ಗಾಜಿಳಿಸಿ ತಲೆ ಹೊರಗೆ ಹಾಕಿದಳು. ಅಳುತ್ತಿದ್ದಳೋ ಸಿಟ್ಟಾಗಿದ್ದಳೋ ಅವನಿಗೆ ತಿಳಿಯಲಿಲ್ಲ.

“ಅಲ್ಲಾ ರೀ, ಇಪ್ಪತ್ತೆಂಟು ವರ್ಷದಿಂದ ಒಂದು ದಿನ ತಪ್ಪದೆ ನನ್ಮೇಲೆ ಕೂಗಾಡಿದ್ದೀರ. ಇವತ್ತೊಂದಿನ ಕೂಗಾಡೋಕೆ ನಿಮಗೇನಾಗಿತ್ತು?”